ತಾಮ್ರ ಮುಟ್ಟದ ಮನೆ

ಗಾಳಿಬೀಡಿನ ಗಂಗಮ್ಮನ ಮನೆಯಲ್ಲಿ ಹನ್ನೆರಡು ವರ್ಷದಿಂದ ಒಂದು ಚೂರು ತಾಮ್ರ ಇರಲಿಲ್ಲ. ದೇವರ ಮುಂದಿನ ಚೊಂಬು ಸ್ಟೀಲಿನದು, ಬಚ್ಚಲಿನ ಹಂಡೆ ಅಲ್ಯೂಮಿನಿಯಂನದು. ತವರಿನಿಂದ ಬಂದ ತಾಮ್ರದ ಹಂಡೆಯನ್ನು ಅವಳೇ ಹೊತ್ತೊಯ್ದು ತಂಗಿಯ ಮನೆಯಲ್ಲಿ ಇಳಿಸಿ ಬಂದಿದ್ದಳು. ನೆಂಟರು ಕೇಳಿದರೆ ತಿಕ್ಕುವುದು ಕಷ್ಟ ಎಂದು ಮಾತು ತೇಲಿಸುತ್ತಿದ್ದಳು. ಊರವರು ಕೇಳುತ್ತಿರಲಿಲ್ಲ, ಅವರಿಗೆಲ್ಲ ಗೊತ್ತಿತ್ತು.

ಅವಳ ಗಂಡ ಅಪ್ಪಯ್ಯ ತಾಮ್ರದ ಕೊಳವೆ ಬಗ್ಗಿಸುವುದರಲ್ಲಿ ಎತ್ತಿದ ಕೈ. ಎಸ್ಟೇಟಿನಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯಲ್ಲಿ ಮೆಕ್ಯಾನಿಕ್ಕಿನ ಹಿಂದೆ ನಿಂತು ಕಲಿತ ವಿದ್ಯೆ. ಕೊಳವೆಗೆ ಒಣಗಿಸಿದ ಹೊಳೆಮರಳು ತುಂಬಿ, ಎರಡೂ ಬಾಯಿಗೆ ಬಿರಡೆ ಬಡಿದು, ಕೆಂಡದಲ್ಲಿ ಕಾಯಿಸಿ, ಮರದ ಗೂಟಕ್ಕೆ ಒರಗಿಸಿ ಮೆಲ್ಲಗೆ ಬಗ್ಗಿಸಿದರೆ ಎಲ್ಲೂ ಒಂದು ಸೊಟ್ಟೆ, ಒಂದು ನೆಗ್ಗು ಬೀಳುತ್ತಿರಲಿಲ್ಲ. ಅಂಥ ಕೈಯನ್ನು ಈ ಮಹಾನುಭಾವ ಹಾಕಿದ್ದು ಯಾವುದಕ್ಕೆ? ಕಳ್ಳಭಟ್ಟಿಯ ಸುರುಳಿಗೆ. ಅಪ್ಪಯ್ಯನ ಸುರುಳಿಯಲ್ಲಿ ಇಳಿದ ಸಾರಾಯಿ ಎಂದರೆ ಆಚೆ ಊರಿನವರೂ ಬೆಟ್ಟ ಹತ್ತಿ ಬರುತ್ತಿದ್ದರು.

ಒಂದು ಮಳೆಗಾಲದ ಸಂಜೆ ಗಂಗಮ್ಮನ ತಮ್ಮ ಸುಬ್ಬ ಅದನ್ನೇ ಕುಡಿದು ತುಂಬಿ ಹರಿಯುವ ತೋಡು ದಾಟಲು ಹೋದ. ಎರಡು ಮೈಲಿ ಕೆಳಗೆ ಸಿಕ್ಕಿದ. ಹೆಣ ಎತ್ತಿದವರಲ್ಲಿ ಅಪ್ಪಯ್ಯನೂ ಇದ್ದ. ಅವತ್ತೇ ಸುರುಳಿಯನ್ನು ಕೊಡಲಿಯಿಂದ ಕೊಚ್ಚಿ ಬಿಸಾಡಿ, ಹೆಂಡತಿಯ ತಲೆಯ ಮೇಲೆ ಕೈಯಿಟ್ಟು, ಇನ್ನು ತಾಮ್ರ ಮುಟ್ಟುವುದಿಲ್ಲ ಎಂದ. "ಮುಟ್ಟಿದ ದಿನ ನಾ ಈ ಮನೆ ಬುಟ್ಟೆ ಅಂತ್ಲೇ ತಿಳ್ಕ" ಎಂದಳು ಗಂಗಮ್ಮ. ಆಮೇಲೆ ಅವನು ಬೇಲಿ ಕಟ್ಟಿದ, ಕಾಡು ಸವರಿದ, ಕರಿಮೆಣಸು ಕೊಯ್ದ. ತಾಮ್ರ ಮಾತ್ರ ಮುಟ್ಟಲಿಲ್ಲ. ಅವಳು ನಂಬಿದ್ದಳು.

ಹೋದ ಮಾರ್ಚಿನ ಒಂದು ಬೆಳಿಗ್ಗೆ ಒಣ ಸೌದೆ ತರಲೆಂದು ಅವಳು ಹಳೇ ಹಟ್ಟಿಗೆ ಹೋದಳು. ದನ ಮಾರಿದ ಮೇಲೆ ಅತ್ತ ಯಾರೂ ಕಾಲಿಡುತ್ತಿರಲಿಲ್ಲ. ಬಾಗಿಲು ತಳ್ಳಿದಳು. ಒಳಗೆ ಕೆಂಡದ ಒಲೆ. ಪಕ್ಕದಲ್ಲಿ ಬಿರಡೆ, ಗೂಟ. ಗೋಣಿಯ ಮೇಲೆ ಹೊಳೆಯುವ ಮೂರು ತಾಮ್ರದ ಕೊಳವೆ. ಮೂಲೆಯಲ್ಲಿ ಐದು ಲೀಟರಿನ ಕ್ಯಾನಿನಲ್ಲಿ ಕನ್ನಡಿಯಂಥ ತಿಳಿ ದ್ರವ.

ಮುಚ್ಚಳ ತೆಗೆದು ಮೂಸಿದಳು. ವಾಸನೆಯೇ ಇಲ್ಲ! ವಾಸನೆ ಬರದ ಸಾರಾಯಿ ಇಳಿಸುವಷ್ಟು ಮುಂದುವರಿದನೇ ಈ ಮುದುಕ? ಕ್ಯಾನನ್ನು ನೆಲಕ್ಕೆ ಕವುಚಿದಳು. ಕತ್ತಿಯ ಹಿಂಬದಿಯಿಂದ ಮೂರೂ ಕೊಳವೆಗಳನ್ನು ಜಜ್ಜಿ ಜಜ್ಜಿ ಚಪ್ಪಟೆ ಮಾಡಿದಳು.

ಅಷ್ಟರಲ್ಲಿ ಅಪ್ಪಯ್ಯ ತೋಡಿನಿಂದ ಒಂದು ಬುಟ್ಟಿ ಮರಳು ಹೊತ್ತು ಬಂದ. ಬಾಗಿಲಲ್ಲೇ ನಿಂತುಬಿಟ್ಟ.

"ತಲೆ ಮುಟ್ಟಿ ಹೇಳ್ದು ಮರ್ತುಹೋತಾ?"

"ಭಟ್ಟಿ ಅಲ್ಲ ಗಂಗೆ. ಕಂಪ್ಯೂಟರ್‌ಗೆ."

ಸುಳ್ಳು ಹೇಳಲಿ, ಆದರೆ ಇಂಥ ಸುಳ್ಳೇ? ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು ಕಂಪ್ಯೂಟರಿಗೆ ಕೊಳವೆ ಹಾಕುತ್ತಾನಂತೆ! ಅದಕ್ಕಿಂತ ಕೆಟ್ಟದಾಗಿ ತನ್ನನ್ನು ಯಾರೂ ಪೆದ್ದಿ ಮಾಡಿರಲಿಲ್ಲ ಎನ್ನಿಸಿತು. ಮನೆಗೆ ಹೋಗಿ ಎರಡು ಸೀರೆ ಚೀಲಕ್ಕೆ ತುರುಕಿ ಮಡಿಕೇರಿ ಬಸ್ಸಿಗೆಂದು ಇಳಿದಳು.

ಕೆಳಗಿನ ತಿರುವಿನ ಮನೆಯ ಸೊಸೆ ರಮ್ಯ ಗೇಟಿನಲ್ಲಿದ್ದಳು. ಮನೆಯಲ್ಲೇ ಕುಳಿತು ಕಂಪ್ಯೂಟರಿನಲ್ಲಿ ಮನೆಗಳ ಚಿತ್ರ ಮಾಡುವವಳು. ಇನ್ನೂ ಪಾಯ ತೋಡದ ಮನೆಯನ್ನು ಕಟ್ಟಿ ಮುಗಿಸಿದ ಹಾಗೆ ತೋರಿಸುವ ಕೆಲಸ.

"ಗಂಗಮ್ಮಕ್ಕಾ, ಅಪ್ಪಯ್ಯಣ್ಣ ಪೈಪ್ ಮುಗಿಸಿದ್ರಾ?"

ಗಂಗಮ್ಮನ ಕೈಯಿಂದ ಚೀಲ ಜಾರಿತು.

ರಮ್ಯ ಅವಳನ್ನು ಒಳಗೆ ಕರೆದೊಯ್ದಳು. ಮೇಜಿನ ಮೇಲೆ ಗಾಜಿನ ಪೆಟ್ಟಿಗೆ. ಒಳಗೆ ವೈರುಗಳೆಲ್ಲ ಹೆಣೆದ ಜಡೆಯ ಹಾಗೆ ಅಚ್ಚುಕಟ್ಟು. ಒಂದು ಮೂಲೆಯಲ್ಲಿ ಒಂದೇ ಒಂದು ತಾಮ್ರದ ಕೊಳವೆ ಕೂತಿತ್ತು. ಸೊಟ್ಟೆಯಿಲ್ಲದ ಆ ಬಾಗು ಯಾರ ಕೈಯದೆಂದು ಗಂಗಮ್ಮನಿಗೆ ಹೇಳಬೇಕಾಗಿರಲಿಲ್ಲ.

"ಕೆಲಸ ಜಾಸ್ತಿಯಾದ್ರೆ ಇದರ ತಲೆ ಕಾಯ್ತದೆ ಅಕ್ಕ, ಅರ್ಧಕ್ಕೇ ಆಫ್ ಆಗ್ತದೆ. ಅದಕ್ಕೇ ತಲೆ ಮೇಲೆ ನೀರು ಓಡಿಸೋದು. ಬಿಸಿ ನೀರು ಈ ರೇಡಿಯೇಟರಲ್ಲಿ ತಣಿದು ವಾಪಸ್ ಬರ್ತದೆ, ಜೀಪಿನ ಹಾಗೆ."

"ಕರೆಂಟಿನ ಪೆಟ್ಟಿಗೆಗೆ ನೀರಾ!" ಗಂಗಮ್ಮ ಎರಡು ಹೆಜ್ಜೆ ಹಿಂದೆ ಸರಿದಳು. "ಆ ಕ್ಯಾನ್?"

"ಬ್ಯಾಟರಿ ಅಂಗಡೀಲಿ ಸಿಗೋ ಶುದ್ಧ ನೀರು. ಕೊಳವೆ ತೊಳೆಯೋಕೆ ಕೊಟ್ಟಿದ್ದೆ. ಮೂರು ಸಲ ಕೇಳ್ದಾಗ್ಲೂ ಅಪ್ಪಯ್ಯಣ್ಣ ಆಗಲ್ಲ ಅಂದ್ರು. ಆಮೇಲೆ ನಾನೇ ಬಗ್ಗಿಸಿ ಹಾಳು ಮಾಡಿದ್ದು ನೋಡಿದ್ರು. ತಡ್ಕೊಳ್ಳೋಕೆ ಆಗ್ಲಿಲ್ಲ ಅವರಿಗೆ."

ಗಂಗಮ್ಮ ಅಲ್ಲೇ ನೆಲದ ಮೇಲೆ ಕುಳಿತಳು. ಜಜ್ಜಿದ್ದನ್ನು ಹೇಳಿದಾಗ ರಮ್ಯಳ ಮುಖ ಬಿಳುಚಿತು. ಸಾರಾಯಿ ಅಲ್ಲ ಎಂಬುದು ನಿಜ. ಮುಟ್ಟಿದ್ದೂ ನಿಜ, ಮುಚ್ಚಿಟ್ಟದ್ದೂ ನಿಜ. ನಾಚಿಕೆ, ಸಿಟ್ಟು ಎರಡೂ ಒಟ್ಟಿಗೆ ಬಂದು ಅವಳಿಗೆ ಅಳು ಬಂತು. ಹೊರಗೆ ಬಸ್ಸು ಹಾರನ್ ಹೊಡೆದು ಹೋಯಿತು. ಅವಳು ಏಳಲಿಲ್ಲ.

ರಮ್ಯಳ ಹತ್ತಿರ ಮಿಕ್ಕಿದ್ದು ಎರಡೇ ಉದ್ದ ಕೊಳವೆ. ಕತ್ತರಿಸಿದರೆ ನಾಲ್ಕು ತುಂಡು, ಬೇಕಾದ್ದು ಮೂರು. ಅವನ್ನೂ ಹೊಸ ಕ್ಯಾನೊಂದನ್ನೂ ಹಿಡಿದುಕೊಂಡು ಅವಳು ಬೆಟ್ಟ ಹತ್ತಿದಳು. ಅಪ್ಪಯ್ಯ ಹಟ್ಟಿಯಲ್ಲೇ ಇದ್ದ. ಜಜ್ಜಿದ ಕೊಳವೆಗಳ ಮುಂದೆ ಕೈಕಟ್ಟಿ ಕುಳಿತಿದ್ದ.

"ಬಸ್ ಸಿಕ್ಕಿಲ್ಲೆನಾ?" ಎಂದ, ಮೇಲೆ ನೋಡದೆ. "ನಂದೇ ತಪ್ಪು. ಇನ್ನ್ ಮುಟ್ಟಲ್ಲ. ರಮ್ಯಂಗೆ ನಾನೇ ಹೇಳ್ನೆ."

"ನೀ ಮುಟ್ಟ್‌ಬೇಡ. ಬಾಯಲ್ಲಿ ಹೇಳ್. ನಾ ಬಗ್ಸ್‌ನೆ."

ಅವನು ಕಣ್ಣು ಪಿಳಿಪಿಳಿ ಮಾಡಿದ. ಅವಳು ಆಗಲೇ ಸೆರಗು ಸಿಕ್ಕಿಸಿ ಕೊಳವೆಗೆ ಮರಳು ಸುರಿಯುತ್ತಿದ್ದಳು.

ಮೊದಲನೆಯದು ಮಡಚಿಕೊಂಡು ಹಾಳಾಯಿತು. ಅಪ್ಪಯ್ಯ ಎರಡೂ ಅಂಗೈಯನ್ನು ತೊಡೆಯ ಕೆಳಗೆ ಒತ್ತಿಕೊಂಡು ಕುಳಿತಿದ್ದ, ಇಲ್ಲದಿದ್ದರೆ ಅವು ಎದ್ದು ಬರುತ್ತಿದ್ದವು. "ಎಳೀಬೇಡ, ಒರಗ್ಸ್. ಕೆಂಪಾತ್, ಈಗ!" ಎಂದು ಕೂಗಿ ಕೂಗಿ ಅವನ ಗಂಟಲು ಬಿತ್ತು. ಎರಡನೆಯದಕ್ಕೆ, ಬಟ್ಟೆ ಸುತ್ತಿದ ಅವಳ ಕೈಯೊಳಗೇ ತಾಮ್ರ ಮೆತ್ತಗಾಯಿತು. ಹೇಳಿದ ಕಡೆಗೆ ತಿರುಗಿತು, ಹೇಳಿದಲ್ಲಿ ನಿಂತಿತು. ಗಂಗಮ್ಮನಿಗೆ ಮೈ ಜುಮ್ಮೆಂದಿತು. ಇಷ್ಟು ಸುಖದ ಕೆಲಸವನ್ನು ಹನ್ನೆರಡು ವರ್ಷ ಬಿಟ್ಟು ಈ ಮನುಷ್ಯ ಹೇಗೆ ಬೇಲಿ ಕಟ್ಟಿಕೊಂಡಿದ್ದ? ಅದನ್ನು ಅವಳು ಒಮ್ಮೆಯೂ ಯೋಚಿಸಿರಲಿಲ್ಲ.

ಮಾರನೆಯ ದಿನ ರಮ್ಯ ಮೊದಲಿನದೊಂದು, ಹೊಸ ಮೂರು, ಹೀಗೆ ನಾಲ್ಕೂ ಕೊಳವೆ ಜೋಡಿಸಿ, ಪ್ರತಿ ಸಂದಿಯ ಕೆಳಗೆ ಟಿಶ್ಯೂ ಕಾಗದ ಇಟ್ಟು, ಕಂಪ್ಯೂಟರ್ ಹಚ್ಚದೆ ನೀರಿನ ಪಂಪ್ ಒಂದನ್ನೇ ಓಡಿಸಿದಳು. ಸೋರಿದರೆ ಕಾಗದ ಹೇಳುತ್ತದೆ, ಒಂದು ದಿನ ಕಾಯಬೇಕು ಎಂದಳು. ಗಂಗಮ್ಮ ಅವತ್ತು ನಾಲ್ಕು ಸಲ ಏನೇನೋ ನೆಪ ಮಾಡಿಕೊಂಡು ಹೋಗಿ ನೋಡಿದಳು. ಮರುದಿನ ಗಂಡನನ್ನೂ ಕರೆದುಕೊಂಡು ಹೋದಳು. ಕಾಗದ ಒಣಗಿಯೇ ಇತ್ತು. ರಮ್ಯ ಸ್ವಿಚ್ ಒತ್ತಿದಳು. ಪೆಟ್ಟಿಗೆ ಸದ್ದಿಲ್ಲದೆ ಎದ್ದಿತು. ಅಪ್ಪಯ್ಯ ಗಾಜಿಗೆ ಮೂಗು ತಾಗಿಸಿ ನೋಡಿದ, ಮುಟ್ಟಲಿಲ್ಲ.

ಮನೆಗೆ ಹತ್ತುವ ದಾರಿಯಲ್ಲಿ ಗಂಗಮ್ಮ ಹೇಳಿದಳು: "ನಾಳೆ ತಂಗಿ ಮನೆಗೆ ಹೋಗಿ ಆ ಹಂಡೆ ತಾ."

ಅಪ್ಪಯ್ಯ ರಸ್ತೆ ನಡುವೆ ನಿಂತುಬಿಟ್ಟ. "ತಾಮ್ರದ್ದಾ?"

"ಮತ್ತೆಂತದ್ದ್?"

"ಹೊರ್ದು ಯಾರ್?"

"ನೀನೇ," ಎಂದಳು. "ಎರಡೂ ಕೈಲಿ ಹಿಡ್ಕಂಡ್ ಬಾ."