ಗಾಳಿ ಬಡಿದ ತಗಡು

ನೀಲಾ, ಆ ದಿನ ನಿನ್ನ ಕೈ ತಪ್ಪಿರಲಿಲ್ಲ. ತಪ್ಪು ನನ್ನದು — ಅದೂ ಅರಿಯದೆ ಆದದ್ದಲ್ಲ, ಬೇಕಂತಲೇ ಮಾಡಿದ್ದು. ನಿನ್ನ ಗಾಡಿಯ ಮುಂದಿನ ಗಾಲಿಗಳ ಮೇಲಿನ ತಗಡಿನಲ್ಲಿ ನೀನು ಹೇಳಿ ಕೊರೆಸಿದ ಸೀಳುಗಳನ್ನು ನಾನು ಒಳಗಿನಿಂದ ಮುಚ್ಚಿದ್ದೆ. ನೀನು ಕೇಳಿದಾಗ ಸುಳ್ಳು ಹೇಳಿದೆ. ಗಾಡಿ ಟ್ರ್ಯಾಕ್ ಬಿಟ್ಟು ಹಾರಿಹೋದ ಮೇಲೆ, ಕಾರಣ ನನ್ನ ಕಣ್ಣಿಗೇ ಕಂಡ ಮೇಲೂ, ಬಾಯಿ ಬಿಡಲಿಲ್ಲ. ಇಷ್ಟು ವರ್ಷ ನೀನು ನಿನ್ನ ಕೈಯನ್ನೇ ಬೈದುಕೊಂಡೆ. ನಾನು ಬೈಸಿದೆ.

ನಾನು ಎಂಥ ಮನುಷ್ಯ ಎಂಬುದು ನಿನಗೆ ಗೊತ್ತು. ಬಾಗೇವಾಡಿಯಲ್ಲಿ, ಹೂವಿನ ಹಿಪ್ಪರಗಿಗೆ ಹೋಗುವ ರಸ್ತೆಗೆ ನನ್ನ ಅಂಗಡಿ. ಜಜ್ಜಿದ ಜೀಪು, ತುಕ್ಕು ಹಿಡಿದ ಕಾರು, ಬಾಗಿಲು ಕಿತ್ತ ಟೆಂಪೋ — ತಗಡು ಬಡಿದು, ಬೆಸೆದು, ಬಣ್ಣ ಹಚ್ಚಿ ಕೊಡುವುದು ಕೆಲಸ. ನನ್ನ ಗಿರಾಕಿಗಳು ಬಣ್ಣ ನೋಡಿ ಒಪ್ಪುವ ಜನ ಅಲ್ಲ. ಸೀಟಿನ ಮೇಲೆ ಒಗೆದ ಬಿಳಿ ಟವೆಲ್ ಹಾಸುತ್ತಾರೆ. ಬೇಸಿಗೆಯಲ್ಲಿ, ಮಣ್ಣುರಸ್ತೆಯಲ್ಲಿ, ಒಂದು ಬಸ್ಸಿನ ಬೆನ್ನು ಹತ್ತಿ ಧೂಳು ಕುಡಿಯುತ್ತ ಹೋಗಿ ಬರುತ್ತಾರೆ. ಟವೆಲ್ ಬೆಳ್ಳಗೇ ಉಳಿದಿದ್ದರೆ ಕೆಲಸ ಚೊಕ್ಕ. ನನ್ನ ಕೈಯಿಂದ ಹೊರಬಿದ್ದ ಗಾಡಿಯಲ್ಲಿ ಟವೆಲ್ ಮಾಸಿದ್ದೇ ಇಲ್ಲ. ಆ ಸೊಕ್ಕು ನನಗಿತ್ತು. ಗಾಡಿಯಲ್ಲಿ ಒಂದು ತೂತು ಕಂಡರೆ ನನ್ನ ಮೈಯೇ ಉರಿಯುತ್ತಿತ್ತು.

ಅಂಥವನ ಹತ್ತಿರ ನೀನು ತಾಂಬಾದಿಂದ ನಿಮ್ಮ ಅಜ್ಜನ ಕಾಲದ ಎರಡು ಸೀಟಿನ ಕಾರು ತಂದೆ. ಅದನ್ನು ರೇಸಿಗೆ ತಯಾರು ಮಾಡಬೇಕು ಅಂದೆ. ಬಂಪರ್ ಬೇಡ, ಒಳಗಿನ ಮೆತ್ತೆ ಹೊದಿಕೆ ಬೇಡ, ಅಗಲವಾದ ಟೈರು ಕೂಡಲು ಗಾಲಿಯ ಮೇಲಿನ ಕಮಾನು ಹಿಗ್ಗಿಸಬೇಕು, ಮೂತಿಯ ಕೆಳಗೆ ನೆಲಕ್ಕೆ ಹತ್ತಿರವಾಗಿ, ಗಾಳಿ ಅಡಿಗೆ ನುಗ್ಗದಂತೆ ಒಂದು ತಗಡಿನ ತುಟಿ ಕೂಡಿಸಬೇಕು. ಆ ಗಾಡಿಯ ಬಾಗು, ಬಳುಕು — ಕತ್ತರಿ ಹಾಕಲು ಕೈಯೇ ಏಳಲಿಲ್ಲ.

“ಇಷ್ಟ್ ಚಂದ ಗಾಡಿ ಯಾಕವ್ವಾ ಕೊಯ್ಸಾಕತ್ತಿ?” ಅಂದೆ ನಾನು.

“ಚಂದ ಕಾಣಾಕ ಅಲ್ರಿ ಕಾಕಾ, ನೆಲಾ ಹಿಡಿಯಾಕ,” ಅಂದೆ ನೀನು.

ಎಲ್ಲ ಹೇಳಿ ಕೊನೆಗೆ, ಮುಂದಿನ ಗಾಲಿಗಳ ನೆತ್ತಿಯ ಮೇಲೆ ಸೀಳು ಕೊರೆಯಬೇಕು ಅಂದೆಯಲ್ಲ, ಆಗ ನಾನು ನಕ್ಕುಬಿಟ್ಟೆ. ನೀನು ವಾದ ಮಾಡಲಿಲ್ಲ. ಪೇಟೆಗೆ ಹೋಗಿ ಸ್ವೆಟರ್ ಹೆಣೆಯುವ ಕೆಂಪು ಉಣ್ಣೆ ತಂದು, ಗೇಣುದ್ದದ ತುಂಡು ಮಾಡಿ, ಗಾಡಿಯ ಮೈತುಂಬ ಅಂಟಿಸಿದೆ. ಮುಂಜಾನೆ ಮುದ್ದೇಬಿಹಾಳದ ಕಡೆ, ಗಾಡಿ ಓಡಾಡದ ನೇರ ರಸ್ತೆಗೆ ಕರೆದುಕೊಂಡು ಹೋದೆ. ನಿಮ್ಮ ಅಪ್ಪ ಜೀಪು ಓಡಿಸಿದರು, ನಾನು ಹಿಂದೆ ಕಂಬಿ ಹಿಡಿದು ನಿಂತೆ. ನೀನು ನಮ್ಮ ಪಕ್ಕಕ್ಕೆ ಬಂದೆ, ವೇಗ ಏರಿಸಿದೆ —

ನೀಲಾ, ಅವತ್ತು ನಾನು ಗಾಳಿಯನ್ನು ನೋಡಿದೆ. ಹುಟ್ಟಿದಾಗಿನಿಂದ ಮುಖಕ್ಕೆ ಬಡಿಸಿಕೊಂಡಿದ್ದೆ, ನೋಡಿರಲಿಲ್ಲ. ಮೂತಿಯ ಮೇಲಿನ ಎಳೆಗಳೆಲ್ಲ ಎಣ್ಣೆ ಹಚ್ಚಿ ಬಾಚಿದ ಕೂದಲಿನ ಹಾಗೆ ಮಲಗಿ ಒಂದೇ ಕಡೆ ಹರಿಯುತ್ತಿದ್ದವು. ಗಾಜಿನ ಬುಡದಲ್ಲಿ ಎದ್ದು ಸುತ್ತುತ್ತಿದ್ದವು. ಗಾಲಿಯ ಹಿಂದೆ ಅಂಟಿಸಿದ್ದವಕ್ಕಂತೂ ಹುಚ್ಚು ಹಿಡಿದಿತ್ತು; ಅಲ್ಲಿ ಗಾಳಿ ಒಳಗೆ ಸಿಕ್ಕಿಬಿದ್ದು ಒದ್ದಾಡುತ್ತಿದೆ ಎಂದು ಮಗುವಿಗೂ ತಿಳಿಯುವಂತಿತ್ತು. ಇಷ್ಟು ಕಾಲ ನಾನು ತಗಡಿಗೆ ಆಕಾರ ಕೊಟ್ಟೆ ಅಂದುಕೊಂಡಿದ್ದೆನಲ್ಲ, ಆ ಆಕಾರ ಯಾರಿಗಾಗಿ ಎಂಬುದೇ ನನಗೆ ಗೊತ್ತಿರಲಿಲ್ಲ.

“ಒಳಗ ಹೊಕ್ಕ ಗಾಳಿ ಮ್ಯಾಲ ಹೋಗಬೇಕ್ರಿ ಕಾಕಾ. ಹೋಗಲಿಲ್ಲಂದ್ರ ಗಾಡೀನ ಎತ್ತತೈತಿ,” ಅಂದೆ ನೀನು, ಇಳಿದು ಬಂದು.

ಹೀಗಿದ್ದೂ ಮುಚ್ಚಿದೆ. ಯಾಕೆ ಎಂದು ಕೇಳಿದರೆ... ಸೀಳು ಕೊರೆದೆ, ಅಂಚು ಮಡಚಿದೆ, ಅಷ್ಟು ಅಚ್ಚುಕಟ್ಟಾದ ಕೆಲಸ ನಾನು ಹಿಂದೆ ಮಾಡಿರಲಿಲ್ಲ. ಗಾಡಿ ಕಳಿಸುವ ಮುಂಚೆ ಒಂದು ಸುತ್ತು ಹೊಡೆದು ಬಂದೆ. ಸೀಟಿನ ಮೇಲೆ ಟವೆಲ್ ಹಾಸಿದ್ದೆ, ಚಟ. ತಿರುಗಿ ಬರುವಷ್ಟರಲ್ಲಿ ಟವೆಲ್ ಮಣ್ಣುಮಣ್ಣು. ಗಾಲಿ ಎಬ್ಬಿಸಿದ ಧೂಳೆಲ್ಲ ಸೀಳಿನಿಂದ ಮೇಲೆದ್ದು ಬಾಗಿಲಿನ ಸಂದಿಯಲ್ಲಿ ಇಳಿದಿತ್ತು. ನನ್ನ ಕೈಯಿಂದ ಹೋಗುವ ಗಾಡಿಯಲ್ಲಿ ಟವೆಲ್ ಮಾಸುವುದೇ? ನೋಡಿದವರು ಏನೆಂದಾರು? ಟ್ರ್ಯಾಕಿನಲ್ಲಿ ಮಣ್ಣುರಸ್ತೆ ಇಲ್ಲ, ಬಸ್ಸೂ ಇಲ್ಲ ಎಂಬ ಇಷ್ಟು ಸಣ್ಣ ವಿಚಾರ ನನ್ನ ತಲೆಗೆ ಹೊಳೆಯಲಿಲ್ಲ. ಹೊಳೆದಿದ್ದರೂ ಕೇಳುತ್ತಿದ್ದೆನೋ ಇಲ್ಲವೋ — ಮೊಂಡ ನಾನು. ಸೀಳಿನ ಒಳಬದಿಗೆ ಎಡಕ್ಕೊಂದು ಬಲಕ್ಕೊಂದು ತೆಳು ತಗಡು ಕೂಡಿಸಿ, ಕಪ್ಪು ಬಣ್ಣ ಬಳಿದೆ. ಮೇಲಿನಿಂದ ಬಗ್ಗಿ ನೋಡಿದರೆ ಒಳಗೆ ಕತ್ತಲೆಯೇ ಕಾಣಬೇಕು, ಹಾಗೆ.

ನೀನು ಬಗ್ಗಿ ನೋಡಿದೆ. “ಸೀಳು ಪೂರಾ ತೆರದ ಬಿಟ್ಟೀರಿಲ್ರಿ ಕಾಕಾ?”

“ಬಿಟ್ಟೇನವ್ವಾ.”

ಒಂದೇ ಮಾತು. ನೀನು ಮತ್ತೆ ಕೇಳಲಿಲ್ಲ. ನನ್ನ ಮೇಲೆ ನಿನಗಿದ್ದ ನಂಬಿಕೆ ಅಷ್ಟು.

ಟ್ರ್ಯಾಕಿಗೆ ನನ್ನನ್ನೂ ಕರೆದುಕೊಂಡು ಹೋದೆ. ಮೊದಲ ಸುತ್ತುಗಳನ್ನು ಹೊಸ ಟೈರು ಎಂದು ನಿಧಾನ ಓಡಿಸಿದೆ. ಆಮೇಲೆ ರೇಸ್. ನಾನು ಬಡಿದ ಆ ಹಳೆಯ ತಗಡು ಕಣ್ಣು ಮುಚ್ಚಿ ತೆರೆಯುವುದರೊಳಗೆ ನನ್ನೆದುರು ಹಾದುಹೋಯಿತು. ಸದ್ದು ಆಮೇಲೆ ಎದೆಗೆ ಬಂದು ಬಡಿಯಿತು. ಒಳಗೆ ನಮ್ಮೂರ ಕಡೆಯ ಹುಡುಗಿ! ತಿರುವಿನಲ್ಲಿ ಎರಡು ಗಾಡಿಗಳ ನಡುವಿನ ಸಂದಿಯಲ್ಲಿ ನೀನು ನುಸುಳಿದ್ದನ್ನು ನೋಡಿ ನಾನು ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡೆ. ದೇವರ ಮುಂದೆ ಬಿಟ್ಟರೆ ಮತ್ತೆಲ್ಲೂ ತೆಗೆದವನಲ್ಲ.

ನೇರ ದಾರಿಯ ಕೊನೆಗೆ, ಅತಿ ವೇಗದ ತಿರುವಿನಲ್ಲಿ, ಗಾಡಿ ತಿರುಗಲೇ ಇಲ್ಲ. ಸೀದಾ ಹೋಯಿತು. ಜಲ್ಲಿ ಹಾರಿತು, ಟೈರುಗಳ ಗೋಡೆಗೆ ಬಡಿಯಿತು.

ನಿನ್ನ ಭುಜದ ಎಲುಬು ಮುರಿದಿತ್ತು. ಆಸ್ಪತ್ರೆಯಲ್ಲಿ ನಿನ್ನ ಮೊದಲ ಮಾತು: “ನನ್ನ ಕೈ ತಪ್ತ್ರಿ ಕಾಕಾ. ಸ್ಟೇರಿಂಗ್ ಹಗರ ಆತು, ತಿರುವಿದ್ರ ಗಾಡಿ ತಿರುಗಲಿಲ್ಲ. ನಾನ ಭಾಳ ಜೋರ್ ಹೋಗಿದ್ದೆ. ನಿಮ್ಮ ಕೆಲಸ ಹಾಳ್ ಮಾಡಿದೆ.” ಎಲುಬು ಮುರಿದುಕೊಂಡು ಮಲಗಿದವಳು ನನ್ನ ಕೆಲಸ ಕೆಟ್ಟಿತೆಂದು ಅಳುತ್ತಿದ್ದೆ. ಅಷ್ಟೊತ್ತಿಗೆ ನನಗೂ ಸತ್ಯ ಗೊತ್ತಿರಲಿಲ್ಲ. ಆಣೆ ಮಾಡಿ ಹೇಳುತ್ತೇನೆ — ಆದರೆ ಅದರಿಂದೇನು?

ಗೊತ್ತಾದದ್ದು ಲಾರಿಯಲ್ಲಿ ಗಾಡಿ ಅಂಗಡಿಗೆ ಬಂದ ಮೇಲೆ. ಬಲಬದಿ ನುಗ್ಗಾಗಿತ್ತು, ಎಡಬದಿ ನೆಟ್ಟಗಿತ್ತು. ಎಡಗಾಲಿಯ ಕೆಳಗೆ ತೂರಿ ದೀಪ ಹಿಡಿದು ನೋಡಿದೆ. ನಾನು ಕೂಡಿಸಿದ ತಗಡು ಮೇಲಕ್ಕೆ ಉಬ್ಬಿತ್ತು, ಪೂರಿಯ ಹಾಗೆ. ಒಂದು ಅಂಚಿನ ರಿವೆಟ್ ಮೊಳೆಗಳು ಕಿತ್ತುಬಂದಿದ್ದವು. ಕಲ್ಲು ಬಡಿದ ಗುರುತಿಲ್ಲ, ಗೀರಿಲ್ಲ. ಬೆರಳಾಡಿಸಿದೆ: ನುಣ್ಣಗೆ, ಸಮನಾಗಿ, ಯಾವ ಸುತ್ತಿಗೆಯಿಂದಲೂ ಬರದಂಥ ಉಬ್ಬು. ಗಾಳಿ ಬಡಿದಿತ್ತು ನೀಲಾ. ದಾರಿ ಕೇಳಿತ್ತು, ನಾನು ಕೊಟ್ಟಿರಲಿಲ್ಲ. ಗಾಡಿಯನ್ನೇ ಎತ್ತಿತ್ತು. ಗಾಲಿ ನೆಲ ಬಿಟ್ಟು ಹಗುರಾದ ಮೇಲೆ ಯಾರ ಕೈ ತಾನೆ ಏನು ಮಾಡೀತು? ಆ ಗಾಡಿಯ ಕೆಳಗೆ ಮಲಗಿ ನಾನು ಹೆದರಿದೆ. ಅದಕ್ಕಿಂತ ಹೆಚ್ಚು ಬೆರಗಾದೆ. ಕಣ್ಣಿಗೆ ಕಾಣದ ಒಂದು ಕೈ ನನಗಿಂತ ಚೆನ್ನಾಗಿ ತಗಡು ಬಡಿಯಬಲ್ಲದು ಎಂದು.

ಆಮೇಲೆ ಎರಡೂ ತಗಡು ಬಿಚ್ಚಿ, ಗೋಣಿಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದೆ.

ಇನ್ನೊಂದಿದೆ, ಅದು ಇದಕ್ಕಿಂತ ಕೆಟ್ಟದ್ದು. ನೀನು ಇನ್ನೂ ಕೈಯನ್ನು ಬಟ್ಟೆಯಲ್ಲಿ ಕೊರಳಿಗೆ ಕಟ್ಟಿಕೊಂಡಿದ್ದ ದಿನಗಳು. ಸಿಂದಗಿಯ ಗಿರಾಕಿಯೊಬ್ಬ ಅಂಗಡಿಯಲ್ಲಿ ಚಹಾ ಕುಡಿಯುತ್ತ, “ಗಾಡಿ ಚೊಲೋನ ಇತ್ತಂತ, ಹೆಣ್ಣಹುಡುಗಿ ಕೈಯಾಗ ದಮ್ ಇರಲಿಲ್ಲಂತ. ಹೌದಿಲ್ರಿ?” ಅಂದ. ಸುಮ್ಮನಿರಬಹುದಿತ್ತು. ನಾನು “ಹೌದ್ರಿ” ಅಂದೆ. ಆ ಮಾತು ಊರಿಂದೂರಿಗೆ ಹೋಯಿತು, ನಿಮ್ಮ ಮನೆಗೂ ಬಂತು. ನೀನು ಮತ್ತೆ ಸ್ಟೇರಿಂಗ್ ಮುಟ್ಟಲಿಲ್ಲ. ಇಂಡಿ ಊರಿನ ಕಾಲೇಜಿಗೆ ಪಾಠ ಹೇಳಲು ಬಸ್ಸಿನಲ್ಲಿ ಹೋಗುತ್ತೀ ಎಂದು ಜನರ ಬಾಯಲ್ಲಿ ಕೇಳಿದೆ. ಕೇಳಿ, ಗಾಡಿ ರಿಪೇರಿ ಮಾಡುತ್ತ ಕೂತೆ. ಅದೇ ಪರಿಹಾರವೆಂಬಂತೆ.

ಮೊನ್ನೆ ನೀನು ಫೋನ್ ಮಾಡಿದೆ. “ಕಾಕಾ, ಆ ಗಾಡಿ ಗುಜರಿಗೆ ಹಾಕಿಬಿಡ್ರಿ. ಅದನ್ನ ಹಿಡಿಯೂ ಕೈ ನಂದಲ್ಲ.”

ಫೋನ್ ಇಟ್ಟು ಪೇಟೆಗೆ ಹೋಗಿ ಕೆಂಪು ಉಣ್ಣೆ ತಂದೆ. ಸೀಳುಗಳ ಅಂಚಿಗೆ ಅಂಟಿಸಿ, ಅದೇ ರಸ್ತೆಯಲ್ಲಿ ಮುಂಜಾನೆ ಓಡಿಸಿದೆ. ವೇಗ ಏರಿತು. ಎಳೆಗಳು ಒಂದೊಂದಾಗಿ ಎದ್ದು ನೆಟ್ಟಗೆ ನಿಂತವು. ನೀನು ಹೇಳಿದ ಹಾಗೇ, ಗಾಳಿ ಮೇಲೆ ಹೋಗುತ್ತಿತ್ತು. ಗಾಡಿ ನೆಲ ಹಿಡಿದಿತ್ತು. ರಸ್ತೆ ಪಕ್ಕಕ್ಕೆ ನಿಲ್ಲಿಸಿ ಬಹಳ ಹೊತ್ತು ಅತ್ತೆ.

ಬಲಗಡೆಯ ತಗಡನ್ನು ಅಂಗಡಿಯ ಬಾಗಿಲಿಗೆ ನೇತುಹಾಕಿದ್ದೇನೆ. ಇದೇನು ಅಂದವರಿಗೆಲ್ಲ ನಡೆದದ್ದನ್ನು ನನ್ನ ಬಾಯಿಂದಲೇ ಹೇಳುತ್ತಿದ್ದೇನೆ. ಸಿಂದಗಿಯವನಿಗೆ ಮನೆತನಕ ಹೋಗಿ ಹೇಳಿ ಬಂದೆ. ಎಡಗಡೆಯದು, ಉಬ್ಬಿದ್ದು, ಈ ಕಾಗದದ ಜೊತೆ ನಿನ್ನ ಕೈಯಲ್ಲಿದೆ. ಎದುರು ನಿಂತರೆ ನಾಲಿಗೆ ಏಳುವುದಿಲ್ಲವೆಂದು ಬರೆದು ತಂದೆ. ನೀನು ಇದನ್ನು ಓದುವಾಗ ನಾನು ನಿಮ್ಮ ಮನೆಯ ಹೊರಗೆ, ಗಾಡಿಯ ಪಕ್ಕದಲ್ಲಿ ನಿಂತಿರುತ್ತೇನೆ. ಬೈ, ಕಳಿಸು, ಮಾತಾಡಬೇಡ — ಏನು ಮಾಡಿದರೂ ಸರಿ. ಕ್ಷಮಿಸು ಎಂದು ಕೇಳಲು ನನಗೆ ಮುಖವಿಲ್ಲ.

ಬೀಗದ ಕೈ ಗಾಡಿಯಲ್ಲೇ ಇದೆ. ಸೀಳುಗಳು ತೆರೆದಿವೆ. ಒಮ್ಮೆ ನನ್ನ ಮಾತು ನಂಬಿ ಕೆಟ್ಟೆ, ಈ ಸಲ ನಂಬಬೇಡ. ಈ ಕೊನೆಯ ಸಾಲುಗಳನ್ನು ನಿಮ್ಮ ಮನೆಯ ಮುಂದೆ ಗಾಡಿ ನಿಲ್ಲಿಸಿ ಬರೆಯುತ್ತಿದ್ದೇನೆ. ಬಾಗೇವಾಡಿಯಿಂದ ತಾಂಬಾದವರೆಗೆ ಸೀಟಿನ ಮೇಲೆ ಬಿಳಿ ಟವೆಲ್ ಹಾಸಿಕೊಂಡೇ ಬಂದಿದ್ದೇನೆ. ಹೊರಗೆ ಬಂದು ನೋಡು, ಮಾಸಿದೆ.