ಏಮೋಸನ ಅಂಗೈ

ಏಮೋಸ್ ಟ್ರಕ್ಸಲ್ ದೊಡ್ಡ ಆಟಗಾರ ಎಂದು ಟ್ರೆಂಟನ್ನಿನಲ್ಲಿ ಎಲ್ಲರಿಗಿಂತ ಮೊದಲು ನಂಬಿದವನು ಏಮೋಸ್ ಟ್ರಕ್ಸಲನೇ. ದುಡ್ಡಿಗೆ ಬಾಸ್ಕೆಟ್‌ಬಾಲ್ ಆಡುವುದು ಆಗಿನ್ನೂ ಹೊಸ ಕಸುಬು. ಅಂಗಳದ ಸುತ್ತ ಎತ್ತರದ ತಂತಿ ಬಲೆ; ಚೆಂಡೂ ಹೊರಗೆ ಹೋಗುವ ಹಾಗಿಲ್ಲ, ಆಟಗಾರನೂ ಹೋಗುವ ಹಾಗಿಲ್ಲ. ಬಲೆಗೆ ಬಡಿದು ಮೈ ಹರಿದುಕೊಳ್ಳುವ ಕೆಲಸ ಅದೇ ತಂಡದ ಆಟೊ ಕ್ರೆಸ್ಲರನದು. ಹಗಲೆಲ್ಲ ಪಿಂಗಾಣಿ ಕಾರ್ಖಾನೆಯ ಭಟ್ಟಿ ತುಂಬಿ, ಸಂಜೆ ಬಂದು ಎದುರಾಳಿಗಳ ಮೊಣಕೈಗೆ ಎದೆ ಕೊಡುತ್ತಿದ್ದ.

ಎದುರಾಳಿ ತಪ್ಪು ಮಾಡಿದರೆ ಸಿಗುವ ದಂಡದ ಎಸೆತವನ್ನು ತಂಡದಲ್ಲಿ ಯಾರು ಬೇಕಾದರೂ ಎಸೆಯಬಹುದಿತ್ತು. ಹಾಗಾಗಿ ಆಟೊ ಬೀಳುತ್ತಿದ್ದ, ಏಮೋಸ್ ಎಸೆಯುತ್ತಿದ್ದ. ಅದೂ ಸುಮ್ಮನೆ ಅಲ್ಲ. ಕಾಲುಚೀಲದಿಂದ ಬಾಚಣಿಗೆ ತೆಗೆದು ತಲೆ ಬಾಚಬೇಕು, ಹೆಂಗಸರು ಕೂತ ಕಡೆ ಒಮ್ಮೆ ನೋಡಬೇಕು, ಆಮೇಲೆ ಮಂಡಿ ಬಗ್ಗಿಸಿ ಎರಡೂ ಕೈಯಿಂದ ಚೆಂಡು ತೂರಬೇಕು. ಚೆಂಡು ಬುಟ್ಟಿಗೆ ಬೀಳುತ್ತಿತ್ತು, ಅದನ್ನು ಇಲ್ಲ ಎನ್ನುವ ಹಾಗಿಲ್ಲ. ಉಳಿದ ಹೊತ್ತೆಲ್ಲ ಬಲೆಯಿಂದ ಮಾರು ದೂರ ನಿಂತು ಕೈ ಕಾಪಾಡಿಕೊಳ್ಳುವುದೇ ಆ ಮಹಾಶಯನ ಆಟ. ಮನೆಯಲ್ಲಿ ಅವನ ತಟ್ಟೆಯ ಮಾಂಸವನ್ನೂ ಹೆಂಡತಿಯೇ ಕತ್ತರಿಸಬೇಕು. ಮಾರನೇ ದಿನ ಪತ್ರಿಕೆಯಲ್ಲಿ ಏಮೋಸನ ಹೆಸರು, ಆಟೊನ ಮೊಣಕೈಗೆ ಅಯೋಡಿನ್.

ಹನ್ನೊಂದು ವರ್ಷ ಹೀಗೇ ನಡೆಯಿತು. ಆಮೇಲೆ ಲೀಗಿನವರು ಕಾನೂನು ಬದಲಿಸಿದರು: ಪೆಟ್ಟು ತಿಂದವನೇ ಎಸೆಯಬೇಕು. ತಂಡದ ಮಾಲೀಕ ಏಮೋಸನನ್ನು ಕರೆಸಿ, ಶನಿವಾರ ನೀನೇ ಪೆಟ್ಟು ತಿಂದು ನೀನೇ ಎಸೆ, ಇಲ್ಲದಿದ್ದರೆ ಇನ್ನು ಬರಬೇಡ ಎಂದ. ಏಮೋಸ್ ಆಟೊನ ಹತ್ತಿರ ಬಂದು, ಬೀಳುವುದು ಹೇಗೆ ಎಂದು ಕೇಳಿದ. ಕೇಳುವಾಗ ನಾಚಿಕೆಯೂ ಆಗಲಿಲ್ಲ ಅವನಿಗೆ.

"ಅದಕ್ಕೇನು ವಿದ್ಯೆ ಬೇಕಾ? ಚೆಂಡು ಹಿಡ್ಕೊಂಡು ಅವರ ಮಧ್ಯ ನುಗ್ಗು. ಮಿಕ್ಕಿದ್ದು ಅವರೇ ನೋಡ್ಕೋತಾರೆ."

"ಕೈಗೆ ಏನಾದ್ರೂ ಆದ್ರೆ?"

"ನಮ್ಮವೂ ಕೈಗಳೇ ಕಣೋ," ಎಂದ ಆಟೊ.

ಶನಿವಾರ ಕೊನೆಯ ನಿಮಿಷದವರೆಗೂ ಏಮೋಸ್ ಚೆಂಡಿನ ಹತ್ತಿರ ಸುಳಿಯಲಿಲ್ಲ. ಒಂದೇ ಅಂಕ ಹಿಂದಿದ್ದರು. ಆಟೊ ಚೆಂಡನ್ನು ಅವನ ಎದೆಗೇ ಒತ್ತಿ ಕೊಟ್ಟ. ಏಮೋಸ್ ಕಣ್ಣು ಮುಚ್ಚಿಕೊಂಡು ಓಡಿದ. ಎದುರಾಳಿ ಭುಜವನ್ನು ಸ್ವಲ್ಪ ತಾಗಿಸಿದ್ದಷ್ಟೇ. ಇವನು ಹೋಗಿ ಬಲೆಗೆ ಬಡಿದ. ಮುಖ ಉಳಿಸಿಕೊಳ್ಳಲು ಕೈ ಚಾಚಿದ್ದರಿಂದ ಅಂಗೈ ಉದ್ದಕ್ಕೆ ಸೀಳಿತು. ಸೀಟಿ ಕೇಳಿಸಿತು.

ಹಳೆಯ ಅಭ್ಯಾಸಕ್ಕೆ ಆಟೊ ಚೆಂಡು ತಂದುಕೊಟ್ಟ. ಏಮೋಸ್ ಅದನ್ನು ಅವನಿಗೇ ನೂಕಿ, "ನೀನು ಎಸಿ ಆಟೊ, ರಕ್ತ ಬರ್ತಿದೆ," ಎಂದ.

"ಬಿದ್ದವನೇ ಎಸೀಬೇಕು, ಏಮೋಸ್."

ಅವತ್ತು ಬಾಚಣಿಗೆ ಹೊರಗೆ ಬರಲಿಲ್ಲ. ರಕ್ತಕ್ಕೆ ಜಾರಿದ ಚೆಂಡು ಬುಟ್ಟಿಯ ಹತ್ತಿರಕ್ಕೂ ಹೋಗಲಿಲ್ಲ. ಸೋಮವಾರ ತಂಡದ ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ.

ಈಗ ಏಮೋಸ್ ಅದೇ ಪಿಂಗಾಣಿ ಕಾರ್ಖಾನೆಯಲ್ಲಿ ಹೊರಊರಿಗೆ ಹೋಗುವ ಸ್ನಾನದ ತೊಟ್ಟಿಗಳು ಒಡೆಯದಂತೆ ಹುಲ್ಲು ಸುತ್ತುತ್ತಾನೆ. ಊಟದ ಬಿಡುವಿನಲ್ಲಿ ಹೊಸದಾಗಿ ಸೇರಿದವರ ಮುಂದೆ ಅಂಗೈ ಬಿಡಿಸಿ, "ನಮ್ ಕಾಲದ ಆಟ ಅಂದ್ರೆ ಹೀಗೆ. ರಕ್ತ ಸುರಿಸಿ ಆಡ್ತಿದ್ವಿ," ಎನ್ನುತ್ತಾನೆ. ಪಕ್ಕದ ಹಲಗೆಯ ಮೇಲೆ ರೊಟ್ಟಿ ತಿನ್ನುತ್ತಾ ಕೂತ ಆಟೊ, ಭಟ್ಟಿಯ ಸೆಕೆಗೆ ಮಡಿಸಿಕೊಂಡಿದ್ದ ಅಂಗಿಯ ತೋಳುಗಳನ್ನು ಮೊಣಕೈಯ ಹಳೆಯ ಗಾಯದ ಕಲೆಗಳ ಮೇಲೆ ಕೆಳಗಿಳಿಸಿ ಗುಂಡಿ ಹಾಕಿಕೊಳ್ಳುತ್ತಾನೆ.