ಪಕ್ಕಕ್ಕೆ ತಿರುಗಿ ಕೂತ ಯೋನಪ್ಪ

ತುಮಕೂರಿನ ನಮ್ಮ ಕ್ರೈಸ್ತ ಸಭೆಯಲ್ಲಿ ದೇವರ ವರಗಳಿಗೆ ಬರವಿಲ್ಲ. ಅವನ್ನು ಎಣಿಸುವವರಿಗಂತೂ ಮೊದಲೇ ಇಲ್ಲ. ಎರಡು ವರ್ಷದ ಹಿಂದೆ ಕಾರ್ಯದರ್ಶಿ ಜಯಸುಂದರ್ ಬೆಂಗಳೂರಿನ ಯಾವುದೋ ತರಬೇತಿಗೆ ಹೋಗಿ ಒಂದು ಕಟ್ಟು ಫಾರಂ ಹೊತ್ತು ತಂದರು. ನಲವತ್ತು ಪ್ರಶ್ನೆಗೆ ಟಿಕ್ ಹಾಕಿದರೆ ನಿಮಗೆ ಯಾವ ವರವಿದೆ ಎಂದು ಗೊತ್ತಾಗುತ್ತಿತ್ತು. ಪಾಪ, ಬೈಬಲಿನಲ್ಲಿ ವರಗಳ ಪಟ್ಟಿ ಬರೆದ ಪೌಲನಿಗೂ ಇಂಥ ಸೌಕರ್ಯ ಇರಲಿಲ್ಲ. ಮುಂದಿನ ಭಾನುವಾರ ಎಲ್ಲರ ಎದೆಯ ಮೇಲೂ ಬ್ಯಾಡ್ಜು. ಪ್ರಾರ್ಥನೆಯವರಿಗೆ ನೀಲಿ, ಬೋಧನೆಯವರಿಗೆ ಕೆಂಪು, ಗಾಯನದವರಿಗೆ ಹಳದಿ. ಶ್ರುತಿ ಅಂದರೇನೆಂದು ತಿಳಿಯದ ನನಗೂ ಹಳದಿ ಸಿಕ್ಕಿತು. ನಾಚದೆ ಹಾಕಿಕೊಂಡೆ.

ಸಿಗದೇ ಹೋದದ್ದು ಯೋನಪ್ಪನವರಿಗೆ ಮಾತ್ರ. ಅವರು ಕುಣಿಗಲ್‌ನಲ್ಲಿ ಮೂವತ್ತೊಂದು ವರ್ಷ ಮರಿಕುದುರೆಗಳನ್ನು ಪಳಗಿಸುವ ಕೆಲಸ ಮಾಡಿ, ನಿವೃತ್ತರಾದ ಮೇಲೆ ತುಮಕೂರಿನ ಮಗಳ ಮನೆಗೆ ಬಂದವರು. ಸಭೆಯಲ್ಲಿ ಕೂರುವುದು ಕೊನೆಯ ಬೆಂಚಿನಲ್ಲಿ. ದೇವರು ಮಾಡಿದ ಉಪಕಾರಕ್ಕೆ ಸಾಕ್ಷಿ ಹೇಳಲು ಕರೆದರೆ ಕೈ ಮುಗಿದು ಕೂತೇ ಇರುತ್ತಿದ್ದರು. ಫಾರಂ ಮೇಲೆ ಹೆಸರು ಬರೆದು ಉಳಿದದ್ದೆಲ್ಲ ಖಾಲಿ ಬಿಟ್ಟು ಕೊಟ್ಟಿದ್ದರು. ಜಯಸುಂದರ್ ಅದನ್ನು ಎಲ್ಲರೆದುರು ಎತ್ತಿ ತೋರಿಸಿ, ಯಜಮಾನ ಕೊಟ್ಟ ತಲಾಂತು ಹಣವನ್ನು ಬಳಸದೆ ಮಣ್ಣಿನಲ್ಲಿ ಹೂತಿಟ್ಟ ಬೈಬಲಿನ ಆಳಿನ ಕಥೆ ನೆನಪಿಸಿದರು. ನಾವು ನಕ್ಕೆವು. ಕೊನೆಗೆ ಅವರಿಗೆ ಬಾಗಿಲ ಬಳಿ ಚಪ್ಪಲಿ ಜೋಡಿಸುವ ಕೆಲಸ ಕೊಟ್ಟರು. ಅವರು ಜೋಡಿಸಿದರು.

ಅದೇ ಮಳೆಗಾಲದಲ್ಲಿ ನಮ್ಮ ಸಭೆಯ ಸುಗುಣಾಳ ಗಂಡ ಕುಣಿಗಲ್ ರಸ್ತೆಯಲ್ಲಿ ತೀರಿಕೊಂಡ. ಸುಗುಣಾ ಆ ಕಡೆಯ ಸರ್ಕಾರಿ ಶಾಲೆಯಲ್ಲಿ ಟೀಚರು. ಗಂಡ ಅವಳನ್ನು ಬೈಕಿನಲ್ಲಿ ಬಿಡಲು ಹೊರಟಿದ್ದಾಗ ಲಾರಿ ಗುದ್ದಿತು. ಹಿಂದೆ ಕೂತಿದ್ದವಳಿಗೆ ಕೈ ಮುರಿದದ್ದಷ್ಟೆ. ಅವಳ ತಾಯಿ ಶಕುಂತಲಮ್ಮ ಮಗಳನ್ನು ಗುಬ್ಬಿಯ ಮನೆಗೆ ಕರೆದುಕೊಂಡು ಹೋದರು. ಅಲ್ಲಿ ಅವಳು ಒಳಕೋಣೆ ಸೇರಿ ಚಿಲಕ ಹಾಕಿಕೊಂಡಳು. ತಾಯಿ ಹೊಸ್ತಿಲ ಬಳಿ ಇಟ್ಟುಹೋದ ತಟ್ಟೆ ಯಾರೂ ಇಲ್ಲದಾಗ ಖಾಲಿಯಾಗುತ್ತಿತ್ತು. ಆದರೆ ಒಂದು ಮಾತಿಲ್ಲ.

ಬ್ಯಾಡ್ಜುಗಳಿಗೆ ಕೆಲಸ ಸಿಕ್ಕಿತು. ಮೊದಲು ನೀಲಿಯವರು ಟೆಂಪೊ ಮಾಡಿಕೊಂಡು ಹೋಗಿ, ಬಾಗಿಲ ಮೇಲೆ ಕೈಯಿಟ್ಟು ಮುಕ್ಕಾಲು ಗಂಟೆ ಗಟ್ಟಿಯಾಗಿ ಪ್ರಾರ್ಥಿಸಿದರು. ಆಮೇಲೆ ಜಯಸುಂದರ್ ಮುಂದಾಳಾಗಿ ಕೆಂಪಿನವರು ಹೋಗಿ, ಅತಿಯಾಗಿ ದುಃಖಿಸುವುದು ಅವಿಶ್ವಾಸದ ಲಕ್ಷಣವೆಂದು ಅದೇ ಬಾಗಿಲಿಗೆ ಬೋಧಿಸಿದರು. ಕಡೆಗೆ ಹಳದಿಯವರಾದ ನಾವು ಕೀಬೋರ್ಡ್ ಸಮೇತ ಹೋಗಿ, ಪಕ್ಕದ ಮನೆಯವರು ಬಂದು ಇದೇನು ಗಲಾಟೆ ಎಂದು ಕೇಳುವವರೆಗೂ ಹಾಡಿದೆವು. ಬಂದ ಬಂದ ತಂಡಕ್ಕೆಲ್ಲ ಉಪ್ಪಿಟ್ಟು ಮಾಡಿ ಶಕುಂತಲಮ್ಮ ಸುಸ್ತಾದರು. ಬಾಗಿಲು ತೆರೆಯಲಿಲ್ಲ. ಅವಳ ವಿಶ್ವಾಸವೇ ಸಾಲದು ಎಂದು ವಾಪಸು ಬರುವಾಗ ತೀರ್ಮಾನಿಸಿದೆವು. ನಮ್ಮ ಕಂಠದ ಬಗ್ಗೆ ಯಾರೂ ಸೊಲ್ಲೆತ್ತಲಿಲ್ಲ.

ಆಮೇಲಿನದನ್ನು ಶಕುಂತಲಮ್ಮನೇ ನನಗೆ ಹೇಳಿದ್ದು. ಒಂದು ಮಧ್ಯಾಹ್ನ ಯೋನಪ್ಪ ರೈಲಿನಲ್ಲಿ ಒಬ್ಬರೇ ಬಂದು, ಒಂದು ಲೋಟ ನೀರು ಕೇಳಿ ಕುಡಿದು, ಆ ಕೋಣೆಯ ಮುಂದೆ ಹಿತ್ತಲ ಕಡೆ ಮುಖ ಮಾಡಿ ಕೂತರು. ಒಂದು ಗಂಟೆ ಕೂತು ಎದ್ದು ಹೋದರು. ಮರುದಿನವೂ ಬಂದರು, ಅದರ ಮರುದಿನವೂ. ಹೀಗೇಕೆ ಪಕ್ಕಕ್ಕೆ ತಿರುಗಿ ಕೂರುತ್ತೀರಿ ಎಂದು ಶಕುಂತಲಮ್ಮ ಕೇಳಿದರು.

"ಬೆದರಿರೋ ಕುದುರೆನ ಎದುರುಗಡೆ ನಿಂತು ದಿಟ್ಟಿಸಬಾರ್ದು ಕಣಮ್ಮ," ಎಂದರು ಯೋನಪ್ಪ. "ಪಕ್ಕಕ್ಕೆ ತಿರುಕ್ಕೊಂಡು ಸುಮ್ನೆ ಇರ್ಬೇಕು. ಅದಾಗೇ ಬಂದು ಮೂಸಿ ನೋಡ್ತದೆ."

ಮಗಳನ್ನು ಕುದುರೆಗೆ ಹೋಲಿಸಿದ್ದು ಶಕುಂತಲಮ್ಮನಿಗೆ ಹಿಡಿಸಲಿಲ್ಲ. ಆದರೂ ಈ ಮನುಷ್ಯನಿಗೆ ಉಪ್ಪಿಟ್ಟು ಬೇಕಿರಲಿಲ್ಲವಲ್ಲ ಎಂದು ಸುಮ್ಮನಾದರು.

ಒಂಬತ್ತನೆಯ ದಿನ ಬಾಗಿಲು ಗೇಣುದ್ದ ತೆರೆಯಿತು. ಯೋನಪ್ಪ ತಿರುಗಿ ನೋಡಲಿಲ್ಲ. ಹತ್ತನೆಯ ದಿನ ಸುಗುಣಾ ಹೊಸ್ತಿಲ ಮೇಲೆ ಬಂದು ಕೂತಳು. ಇನ್ನೆರಡು ದಿನ ಕಳೆದ ಮೇಲೆ ಬಾಯಿ ಬಿಟ್ಟಳು.

"ಲಾರಿ ಬರ್ತಿರೋದು ನಂಗೆ ಕಾಣಿಸ್ತು ತಾತ. ಕೂಗೋಕೆ ಆಗ್ಲಿಲ್ಲ."

ಯೋನಪ್ಪ ಹೂಂ ಎಂದರು, ಅಷ್ಟೆ. ನಿನ್ನ ತಪ್ಪಲ್ಲ ಎನ್ನಲಿಲ್ಲ, ದೇವರ ಚಿತ್ತವೆನ್ನಲಿಲ್ಲ, ವಚನ ಉದ್ಧರಿಸಲಿಲ್ಲ. ಅವಳು ಅತ್ತು ಮುಗಿಸುವವರೆಗೂ ಅಲ್ಲೇ ಕೂತಿದ್ದು, ರೈಲು ತಪ್ಪಿಸಿಕೊಂಡು ಬಸ್ಸಿನಲ್ಲಿ ತುಮಕೂರಿಗೆ ಹೋದರು.

ರಜೆ ಮುಗಿಯುತ್ತ ಬಂತು. ಅದೇ ರಸ್ತೆಯಲ್ಲಿ ಮತ್ತೆ ಶಾಲೆಗೆ ಹೋಗುವುದು ಸುಗುಣಾಳಿಂದ ಆಗದ ಮಾತು. ಗುಬ್ಬಿ ಕಡೆಗೆ ವರ್ಗ ಬೇಕಿತ್ತು. ಆಗ ಯೋನಪ್ಪ ಹೋದದ್ದು ಜಯಸುಂದರ್ ಮನೆಗೆ. ನಾನೂ ಅಲ್ಲೇ ಇದ್ದೆ.

"ಸಾರ್, ಆಫೀಸಲ್ಲಿ ನನ್ನಂಥೋನ ಮಾತು ನಡೆಯಲ್ಲ. ನೀವು ಜೋರಾಗಿ ಮಾತಾಡ್ತೀರ. ಆ ವರ ನಂಗಿಲ್ಲ. ನೀವೇ ಬರ್ಬೇಕು."

ಚುಚ್ಚುತ್ತಿದ್ದಾರೆ ಎಂದುಕೊಂಡು ನಾನು ಒಳಗೊಳಗೇ ಖುಷಿಪಟ್ಟೆ. ಅವರ ಮುಖದಲ್ಲಿ ಅಂಥದ್ದೇನೂ ಇರಲಿಲ್ಲ. ಜಯಸುಂದರ್ ಉಬ್ಬಿಹೋದರು. ಮೂರು ವಾರ ಶಿಕ್ಷಣ ಇಲಾಖೆಯ ಕಚೇರಿಗೆ ದಿನವೂ ಹೋಗಿ, ಬಾಗಿಲಿಗೆ ಬೋಧಿಸಿದ ಅದೇ ದನಿಯಲ್ಲಿ ಗುಮಾಸ್ತರಿಗೂ ಬೋಧಿಸಿದರು. ಈ ಮನುಷ್ಯ ತೊಲಗಿದರೆ ಸಾಕೆಂದು ಅವರು ಫೈಲನ್ನು ಮುಂದಕ್ಕೆ ಕಳಿಸಿದರು. ವರ್ಗವಾಯಿತು.

ಮುಂದಿನ ಭಾನುವಾರ ಜಯಸುಂದರ್ ವೇದಿಕೆ ಹತ್ತಿ, ಸುಗುಣಾಳನ್ನು ಎಬ್ಬಿಸಿದ ಮೂರು ತಂಡಗಳನ್ನೂ ತಮ್ಮ ಓಡಾಟವನ್ನೂ ಅರ್ಧ ಗಂಟೆ ಬಣ್ಣಿಸಿದರು. ಯೋನಪ್ಪನ ಹೆಸರಿಲ್ಲ. ನನಗೆ ಮೈಯೆಲ್ಲ ಉರಿಯಿತು. ಹೊರಗೆ ಬಂದು ಯೋನಪ್ಪನವರ ಹತ್ತಿರ ಆಡಿಕೊಂಡೆ.

"ಬುಡಿ ಸಾರ್," ಎಂದರು. "ಆ ಫೈಲಿನ ಪಕ್ಕ ನಾನು ವರ್ಷಗಟ್ಲೆ ಸುಮ್ನೆ ಕೂತಿದ್ರೂ ಅದು ಅಲ್ಲಾಡ್ತಿರ್ಲಿಲ್ಲ."

ಸುಗುಣಾ ಈಗ ಶಾಲೆಗೆ ಹೋಗುತ್ತಾಳೆ. ಶನಿವಾರ ಯೋನಪ್ಪನವರಿಗೆ ಗುಬ್ಬಿಯ ಆ ಮನೆಯಲ್ಲೇ ಊಟ. ಜಯಸುಂದರ್ ಅವರನ್ನೂ ಒಮ್ಮೆ ಕರೆದಿದ್ದರು. ಊಟಕ್ಕೆ ಮುಂಚಿನ ಅವರ ಪ್ರಾರ್ಥನೆ ಇಪ್ಪತ್ತು ನಿಮಿಷ ನಡೆದು ಮುದ್ದೆಯೆಲ್ಲ ಆರಿ ಕಲ್ಲಾಯಿತು ಎಂದು ಶಕುಂತಲಮ್ಮ ಹೇಳಿದರು.